ಹೊರಬರಲಾರದ ಅಲೆಯಿಂದ ಸೂರ್ಯನ ರೇಡಿಯೊ ಸದ್ದು ಹುಟ್ಟುವುದು ಹೇಗೆ?

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೊಮೀಟರ್ ಹೋದರೆ ಗೌರಿಬಿದನೂರು. ಅದರ ಹತ್ತಿರದ ಬಯಲಿನಲ್ಲಿ 1970ರ ದಶಕದಿಂದ ಒಂದು ರೇಡಿಯೊ ವೀಕ್ಷಣಾಲಯ ಕೆಲಸ ಮಾಡುತ್ತಿದೆ. ಟೆಲಿಸ್ಕೋಪ್ ಅಂದಾಕ್ಷಣ ಉದ್ದ ಕೊಳವೆಯೋ ದೊಡ್ಡ ಬಟ್ಟಲಿನಂಥ ಡಿಶ್ಶೋ ಕಣ್ಣಮುಂದೆ ಬರುತ್ತದೆ, ಅಲ್ವಾ? ಇಲ್ಲಿ ಸೂರ್ಯನನ್ನು ನೋಡುವ ಉಪಕರಣ ಹಾಗಿಲ್ಲ. ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಆಂಟೆನಾಗಳು, ಅಷ್ಟೇ. ಹಿಂದೆ ನಮ್ಮ ಮನೆಗಳ ಮಾಳಿಗೆ ಮೇಲೆ ಇರುತ್ತಿದ್ದ ಟಿವಿ ಆಂಟೆನಾಗಳಿಗೆ ಇವು ಹತ್ತಿರದ ನೆಂಟರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇಲ್ಲಿ ನಡೆಸುವ ರೇಡಿಯೊಹೀಲಿಯೊಗ್ರಾಫ್ 1997ರಿಂದ 40ರಿಂದ 120 ಮೆಗಾಹರ್ಟ್ಸ್ ನಡುವಿನ ರೇಡಿಯೊ ಅಲೆಗಳಲ್ಲಿ ಸೂರ್ಯನ ಚಿತ್ರ ತೆಗೆಯುತ್ತಿದೆ.

ಈಗ ಸೂರ್ಯನ ಬಗ್ಗೆ ಮಾತು ಜಾಸ್ತಿಯಾಗಿದೆ. ಅದಕ್ಕೆ ಕಾರಣವೂ ಇದೆ. 2019ರ ಡಿಸೆಂಬರಿನಲ್ಲಿ ಶುರುವಾದ 25ನೇ ಸೌರಚಕ್ರ (ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುವ ಸುತ್ತು) ತನ್ನ ಗರಿಷ್ಠ ಹಂತ ತಲುಪಿದೆ ಎಂದು ಅಮೆರಿಕದ ನಾಸಾ ಮತ್ತು ಅಲ್ಲಿನ ಹವಾಮಾನ-ಸಾಗರ ಸಂಸ್ಥೆ ನೋವಾ 2024ರ ಅಕ್ಟೋಬರಿನಲ್ಲಿ ಹೇಳಿದವು. ಅದೇ ವರ್ಷ ಮೇ 10–11ರಂದು, 2003ರ ನಂತರದ ಮೊದಲ ಅತಿತೀವ್ರ ಮಟ್ಟದ ಭೂಕಾಂತ ಬಿರುಗಾಳಿ ಬಂತು. ಅಂದರೆ ಸೂರ್ಯನಿಂದ ಬಂದ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿತು. ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತು. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಸೂರ್ಯನ ಮೇಲೆ ಕಣ್ಣಿಟ್ಟು ನಿಂತಿದೆ. ಅದರಲ್ಲಿ ಏಳು ಉಪಕರಣಗಳಿವೆ. ಆದರೆ ರೇಡಿಯೊ ಕೇಳುವ ಉಪಕರಣ ಒಂದೂ ಇಲ್ಲ. ಆ ಕೆಲಸಕ್ಕೆ ನಮಗೆ ನೆಲದ ಮೇಲಿನ ಆಂಟೆನಾಗಳೇ ಗತಿ.

ಹಾಗಾದರೆ ಆ ಆಂಟೆನಾಗಳು ಕೇಳಿಸಿಕೊಳ್ಳುತ್ತಿರುವುದಾದರೂ ಏನು? ಇದಕ್ಕೆ ಸಿಗುವ ಉತ್ತರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸೂರ್ಯನ ಮೇಲೆ ಹುಟ್ಟುವ ಒಂದು ಬಗೆಯ ಅಲೆ ಅಲ್ಲಿಂದ ಹೊರಗೆ ಬರಲು ಸಾಧ್ಯವೇ ಇಲ್ಲ. ಆದರೂ ಅದರ ಸುದ್ದಿ ನಮಗೆ ತಲುಪುತ್ತದೆ. ಬೇರೆ ರೂಪದಲ್ಲಿ, ಬೇರೆಯವರ ಕೈಯಲ್ಲಿ.

ರಡಾರ್ ಕಿವುಡಾದ ದಿನ

ಕಥೆ ಶುರುವಾಗುವುದು ಯುದ್ಧದಲ್ಲಿ. 1942ರ ಫೆಬ್ರುವರಿ ಕೊನೆಯಲ್ಲಿ ಬ್ರಿಟನ್ನಿನ ಹಲವು ಕಡೆ ಸೇನೆಯ ರಡಾರ್‌ಗಳು ಒಮ್ಮೆಲೇ ಗದ್ದಲದಿಂದ ತುಂಬಿಹೋದವು. ಅದೇ ತಿಂಗಳು ಜರ್ಮನರು ರಡಾರ್ ಕೆಡಿಸಿ ತಮ್ಮ ಯುದ್ಧನೌಕೆಗಳನ್ನು ಇಂಗ್ಲಿಷ್ ಕಾಲುವೆಯಲ್ಲಿ ದಾಟಿಸಿದ್ದರು. ಹಾಗಾಗಿ ಇದೂ ಶತ್ರುವಿನ ಕೆಲಸ ಎಂದೇ ಅನುಮಾನ. ತನಿಖೆಗೆ ಇಳಿದ ಜೇಮ್ಸ್ ಹೇ ಎಂಬ ಭೌತವಿಜ್ಞಾನಿ ಗದ್ದಲ ಬರುತ್ತಿದ್ದ ದಿಕ್ಕನ್ನು ಗಮನಿಸಿದರು. ಅದು ಸೂರ್ಯನ ಜೊತೆಗೇ ಸಾಗುತ್ತಿತ್ತು. ಆ ದಿನಗಳಲ್ಲಿ ಸೂರ್ಯನ ಮುಖದ ಮೇಲೆ ಒಂದು ದೊಡ್ಡ ಕಲೆಯೂ ಇತ್ತು. ಯುದ್ಧದ ಗುಟ್ಟಾದ್ದರಿಂದ ಸುದ್ದಿ ಬಹಿರಂಗವಾಗಿದ್ದು 1946ರಲ್ಲಿ.

ಅದೇ 1946ರಲ್ಲಿ ನಮ್ಮ ಮೇಘನಾದ ಸಾಹಾ ನೇಚರ್ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬರೆದರು. ಸೂರ್ಯನಿಂದ, ನಕ್ಷತ್ರಗಳಿಂದ ರೇಡಿಯೊ ಶಕ್ತಿ ಹೊರಬರಬೇಕಾದರೆ ಎಂಥ ಪರಿಸ್ಥಿತಿ ಇರಬೇಕು ಎಂಬುದೇ ಅದರ ವಿಷಯ. ಸೂರ್ಯನಲ್ಲಿ ರೇಡಿಯೊ ಶಕ್ತಿ ಹುಟ್ಟಿದರೆ ಸಾಲದು, ಅದು ಪಾರಾಗಿ ಬರುವುದು ಹೇಗೆ ಎಂದು ಆಗಲೇ ಕೇಳಿದ್ದರು. ಮುಂದಿನ ಎಲ್ಲ ಕೆಲಸದ ಗಂಟು ಇರುವುದು ಆ ಪ್ರಶ್ನೆಯಲ್ಲೇ.

1950ರಲ್ಲಿ ಆಸ್ಟ್ರೇಲಿಯಾದ ಪಾಲ್ ವೈಲ್ಡ್ ಮತ್ತು ಲಿಂಡ್ಸೆ ಮೆಕ್ರೆಡಿ ಸೂರ್ಯನ ರೇಡಿಯೊ ಸಿಡಿತಗಳನ್ನು ವಿಂಗಡಿಸಿದರು. ಸಿಡನಿ ಹತ್ತಿರದ ಪೆನ್ರಿತ್‌ನಲ್ಲಿ ಅವರು ಬಳಸಿದ ಯಂತ್ರ 70ರಿಂದ 130 ಮೆಗಾಹರ್ಟ್ಸ್‌ವರೆಗಿನ ಎಲ್ಲ ಆವರ್ತನಗಳನ್ನು (ಆವರ್ತನ ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬ ಎಣಿಕೆ) ಬೇಗಬೇಗ ಕೇಳಿ ದಾಖಲಿಸುತ್ತಿತ್ತು. ಅವರು ಮೂರು ಬಗೆ ಗುರುತಿಸಿದರು. ಒಂದನೇ ಬಗೆ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುವ ಪಟಪಟ ಸದ್ದು. ಎರಡನೇ ಬಗೆ ಮೇಲಿನ ಆವರ್ತನದಲ್ಲಿ ಶುರುವಾಗಿ ನಿಮಿಷಗಳಲ್ಲಿ ಮೆಲ್ಲಗೆ ಕೆಳಗಿಳಿಯುತ್ತದೆ. ಮೂರನೇ ಬಗೆಯೂ ಕೆಳಗಿಳಿಯುತ್ತದೆ, ಆದರೆ ಸೆಕೆಂಡುಗಳಲ್ಲಿ. ನಾಲ್ಕನೆಯದು, ಐದನೆಯದು ಆಮೇಲೆ ಸೇರಿದವು. ನಾವು ಎರಡು ಮತ್ತು ಮೂರನ್ನೇ ಹಿಡಿದುಕೊಳ್ಳೋಣ. ಇಲ್ಲಿನ ಒಗಟು ಕಣ್ಣಿಗೆ ಕಾಣುವುದು ಅವುಗಳಲ್ಲೇ.

ಅವು ಯಾಕೆ ಕೆಳಗಿಳಿಯುತ್ತವೆ?

ಬಿಗಿದ ತಂತಿ, ಸಡಿಲ ತಂತಿ

ಸೂರ್ಯನ ಹೊರ ವಾತಾವರಣವನ್ನು ಕರೋನಾ ಅನ್ನುತ್ತಾರೆ. ಆ ಹೆಸರಿನ ಅರ್ಥ ಕಿರೀಟ. ಅಲ್ಲಿ ಶಾಖ ಸುಮಾರು 10 ಲಕ್ಷ ಡಿಗ್ರಿ. ಅಷ್ಟು ಬಿಸಿಯಲ್ಲಿ ಪರಮಾಣುಗಳು ಇಡಿಯಾಗಿ ಉಳಿಯುವುದಿಲ್ಲ. ಎಲೆಕ್ಟ್ರಾನ್‌ಗಳು ಬೇರೆ, ಅವನ್ನು ಕಳೆದುಕೊಂಡ ಅಯಾನುಗಳು ಬೇರೆ. ಈ ಬೆರಕೆಗೆ ಪ್ಲಾಸ್ಮಾ ಎಂದು 1928ರಲ್ಲಿ ಹೆಸರಿಟ್ಟವರು ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್.

ಈ ಪ್ಲಾಸ್ಮಾದಲ್ಲಿ ಒಂದಿಷ್ಟು ಎಲೆಕ್ಟ್ರಾನ್‌ಗಳನ್ನು ಒಂದು ಬದಿಗೆ ತಳ್ಳಿದೆವು ಎಂದುಕೊಳ್ಳಿ. ಅಯಾನುಗಳು ಭಾರ, ಅವು ಅಲುಗುವುದಿಲ್ಲ. ಹಿಂದೆ ಉಳಿದ ಧನ ವಿದ್ಯುತ್ ಎಲೆಕ್ಟ್ರಾನ್‌ಗಳನ್ನು ವಾಪಸ್ ಎಳೆಯುತ್ತದೆ. ಅವು ಓಡಿಬರುವ ರಭಸಕ್ಕೆ ಜಾಗ ದಾಟಿ ಆಚೆ ಹೋಗುತ್ತವೆ. ಮತ್ತೆ ಎಳೆತ, ಮತ್ತೆ ಆಚೆ. ಉಯ್ಯಾಲೆಯ ಹಾಗೆ. ಇದೇ ಪ್ಲಾಸ್ಮಾ ಅಲೆ. ಇದಕ್ಕೆ ಲ್ಯಾಂಗ್ಮ್ಯೂರ್ ಅಲೆ ಎಂಬ ಹೆಸರೂ ಇದೆ.

ಈ ತೂಗಾಟ ಸೆಕೆಂಡಿಗೆ ಎಷ್ಟು ಸಲ ಆಗುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಒಂದೇ ಸಂಗತಿ: ಆ ಜಾಗದಲ್ಲಿ ಎಲೆಕ್ಟ್ರಾನ್‌ಗಳು ಎಷ್ಟು ದಟ್ಟವಾಗಿವೆ ಎಂಬುದು. ದಟ್ಟವಾದಷ್ಟೂ ಎಳೆತ ಜಾಸ್ತಿ, ತೂಗಾಟ ಜೋರು. ತಂಬೂರಿಯ ತಂತಿ ಬಿಗಿ ಮಾಡಿದರೆ ಶ್ರುತಿ ಏರುವುದಿಲ್ಲವೇ, ಹಾಗೆ. ಲೆಕ್ಕವೂ ಸುಲಭ. ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಎಲೆಕ್ಟ್ರಾನ್ ಇವೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿ. ಉತ್ತರ ಕಿಲೊಹರ್ಟ್ಸ್‌ನಲ್ಲಿ ಬರುತ್ತದೆ. 8 ಕೋಟಿ ಎಲೆಕ್ಟ್ರಾನ್ ಇದ್ದರೆ 80 ಮೆಗಾಹರ್ಟ್ಸ್. 2 ಕೋಟಿ ಇದ್ದರೆ 40. ಭೂಮಿಯ ಹತ್ತಿರದ ಬಾಹ್ಯಾಕಾಶದಲ್ಲಿ ಘನ ಸೆಂಟಿಮೀಟರಿಗೆ ಐದಾರು ಎಲೆಕ್ಟ್ರಾನ್ ಇದ್ದರೆ ಹೆಚ್ಚು. ಅಲ್ಲಿ ಬರೀ 20 ಕಿಲೊಹರ್ಟ್ಸ್ ಸುತ್ತಮುತ್ತ.

ಇದೇ ಲೆಕ್ಕ ನಮ್ಮ ತಲೆಯ ಮೇಲೂ ನಡೆಯುತ್ತದೆ. ಭೂಮಿಯ ಅಯಾನುಗೋಳವೂ ಪ್ಲಾಸ್ಮಾ. ತನ್ನ ಪ್ಲಾಸ್ಮಾ ಆವರ್ತನಕ್ಕಿಂತ ಕೆಳಗಿನ ರೇಡಿಯೊ ಅಲೆಗಳನ್ನು ಅದು ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ, ವಾಪಸ್ ಕಳಿಸುತ್ತದೆ. ಓರೆಯಾಗಿ ಬಂದು ಬಡಿಯುವ ಅಲೆಯಾದರೆ ಅದಕ್ಕಿಂತ ಎಷ್ಟೋ ಮೇಲಿನ ಆವರ್ತನದ್ದನ್ನೂ ಹಿಂದಿರುಗಿಸುತ್ತದೆ. ಹಿಂದಿನ ತಲೆಮಾರು ರೇಡಿಯೊ ಸಿಲೋನನ್ನು ಶಾರ್ಟ್‌ವೇವ್‌ನಲ್ಲಿ ಇಲ್ಲಿ ಕೂತು ಕೇಳಿದ್ದು ಈ ಕಾರಣದಿಂದಲೇ. ಸೂರ್ಯನ ವಿಷಯದಲ್ಲೂ ನಿಯಮ ಇದೇ. ಯಾವ ಎತ್ತರದಲ್ಲಿ ರೇಡಿಯೊ ಅಲೆ ಹುಟ್ಟುತ್ತದೆಯೋ, ಅಲ್ಲಿನ ಪ್ಲಾಸ್ಮಾ ಆವರ್ತನಕ್ಕಿಂತ ಕೆಳಗಿನದು ಹೊರಬರಲಾರದು.

ಈಗ ಕೆಳಗಿಳಿಯುವ ಸದ್ದಿನ ಗುಟ್ಟು ಬಿಡಿಸಬಹುದು. ಸೂರ್ಯನಿಂದ ದೂರ ಹೋದಷ್ಟೂ ಕರೋನಾ ತೆಳುವಾಗುತ್ತದೆ. ತಂತಿ ಸಡಿಲವಾಗುತ್ತ ಹೋಗುತ್ತದೆ. ಯಾವುದೋ ಒಂದು ವಸ್ತು ಹೊರಗೆ ಓಡುತ್ತ ದಾರಿಯುದ್ದಕ್ಕೂ ಆಯಾ ಜಾಗದ ತಂತಿಯನ್ನು ಮೀಟುತ್ತಿದ್ದರೆ, ನಮಗೆ ಕೇಳುವ ಶ್ರುತಿ ಇಳಿಯುತ್ತ ಬರಬೇಕು.

ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಿದರೆ ಓಡುತ್ತಿರುವುದು ಯಾರು ಎಂದೂ ತಿಳಿಯುತ್ತದೆ. ಒಂದು ಲೆಕ್ಕ ಮಾಡೋಣ. ಕರೋನಾದ ದಟ್ಟಣೆ ಎತ್ತರಕ್ಕೆ ತಕ್ಕಂತೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಗಾರ್ಡನ್ ನ್ಯೂಕರ್ಕ್ 1961ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅದರ ಪ್ರಕಾರ 80 ಮೆಗಾಹರ್ಟ್ಸ್ ಹುಟ್ಟುವ ಜಾಗ ಸೂರ್ಯನ ಮೇಲ್ಮೈಯಿಂದ ಸುಮಾರು 2.2 ಲಕ್ಷ ಕಿಲೊಮೀಟರ್ ಮೇಲೆ. 40 ಮೆಗಾಹರ್ಟ್ಸ್‌ನದು ಸುಮಾರು 4.3 ಲಕ್ಷ ಕಿಲೊಮೀಟರ್ ಮೇಲೆ. ನಡುವೆ 2 ಲಕ್ಷ ಕಿಲೊಮೀಟರಿಗೆ ಸ್ವಲ್ಪ ಜಾಸ್ತಿ ಅಂತರ. ಸದ್ದು 80ರಿಂದ 40ಕ್ಕೆ ಇಳಿಯಲು 5 ನಿಮಿಷ ತೆಗೆದುಕೊಂಡರೆ ಓಟದ ವೇಗ ಸೆಕೆಂಡಿಗೆ ಸುಮಾರು 700 ಕಿಲೊಮೀಟರ್. ಅದು ಆಘಾತ ಅಲೆ, ಪ್ಲಾಸ್ಮಾವನ್ನು ಒಮ್ಮೆಲೇ ಒತ್ತಿಕೊಂಡು ನುಗ್ಗುವ ಅಲೆ. ಅದೇ ಎರಡನೇ ಬಗೆ. ಅದೇ ಅಂತರವನ್ನು 2 ಸೆಕೆಂಡಿನಲ್ಲಿ ದಾಟಿದರೆ? ಸೆಕೆಂಡಿಗೆ 1 ಲಕ್ಷ ಕಿಲೊಮೀಟರ್, ಬೆಳಕಿನ ವೇಗದ ಮೂರನೇ ಒಂದು ಭಾಗ. ಅಷ್ಟು ವೇಗವಾಗಿ ಓಡುವುದು ಎಲೆಕ್ಟ್ರಾನ್‌ಗಳ ಹಿಂಡು ಮಾತ್ರ. ಅದೇ ಮೂರನೇ ಬಗೆ.

ಒಂದು ರೇಡಿಯೊ ದಾಖಲೆಯಲ್ಲಿನ ಗೆರೆಯ ಓರೆ ನೋಡಿ, ಸೂರ್ಯನ ಬಳಿ ಏನು ಓಡುತ್ತಿದೆ ಎಂದು 15 ಕೋಟಿ ಕಿಲೊಮೀಟರ್ ದೂರದಲ್ಲಿ ಕೂತು ಹೇಳಬಹುದು. ಭೌತವಿಜ್ಞಾನ ಕೊಟ್ಟ ಅಳತೆಗೋಲುಗಳಲ್ಲಿ ನನಗೆ ಅತಿ ಇಷ್ಟವಾದುದು ಇದು.

ಬಸ್ಸು ತಳ್ಳುವವರು

ಓಡುವ ಎಲೆಕ್ಟ್ರಾನ್ ಹಿಂಡು ಪ್ಲಾಸ್ಮಾ ಅಲೆಯನ್ನು ಹೇಗೆ ಎಬ್ಬಿಸುತ್ತದೆ? ಸುಮ್ನೆ ಹಾದುಹೋದರೆ ಅಲೆ ಏಳುವುದಿಲ್ಲ.

ಕೆಟ್ಟು ನಿಂತ ಬಸ್ಸನ್ನು ಪ್ರಯಾಣಿಕರೆಲ್ಲ ಇಳಿದು ತಳ್ಳುವುದನ್ನು ನೆನಪಿಸಿಕೊಳ್ಳಿ. ಬಸ್ಸು ಮೆಲ್ಲಗೆ ಉರುಳತೊಡಗಿದೆ. ಬಸ್ಸಿಗಿಂತ ತುಸು ಜೋರಾಗಿ ಓಡಲು ನೋಡುವವರು ಅದಕ್ಕೆ ಬಲ ಕೊಡುತ್ತಾರೆ. ಬಸ್ಸಿಗಿಂತ ನಿಧಾನ ಇದ್ದು, ಹಿಂದಿನ ಏಣಿ ಹಿಡಿದುಕೊಂಡು ಎಳೆಸಿಕೊಂಡು ಬರುವವರು ಅದರ ಬಲ ತಿನ್ನುತ್ತಾರೆ. ಬಸ್ಸು ವೇಗ ಪಡೆಯುತ್ತದೋ ನಿಲ್ಲುತ್ತದೋ ಎಂಬುದು ಯಾರು ಹೆಚ್ಚಿದ್ದಾರೆ ಎಂಬುದರ ಮೇಲೆ ನಿಂತಿದೆ.

ಪ್ಲಾಸ್ಮಾ ಅಲೆಯೂ ಈ ಬಸ್ಸಿನಂತೆ. ಸಾಮಾನ್ಯವಾಗಿ ಯಾವ ಪ್ಲಾಸ್ಮಾದಲ್ಲೂ ಅಲೆಗಿಂತ ತುಸು ನಿಧಾನ ಇರುವ ಎಲೆಕ್ಟ್ರಾನ್‌ಗಳೇ ಜಾಸ್ತಿ, ತುಸು ಜೋರಿನವು ಕಡಿಮೆ. ಹಾಗಾಗಿ ಅಲೆ ಕ್ರಮೇಣ ಸಾಯುತ್ತದೆ. ರಷ್ಯಾದ ಲೆವ್ ಲ್ಯಾಂಡೌ 1946ರಲ್ಲಿ ಇದನ್ನು ಗಣಿತದಲ್ಲಿ ತೋರಿಸಿದರು.

ಸೌರಜ್ವಾಲೆಯ ಹೊತ್ತಿಗೆ ಪರಿಸ್ಥಿತಿ ಬದಲಾಗುತ್ತದೆ. ಸೂರ್ಯನ ಕಾಂತಕ್ಷೇತ್ರದ ಗೆರೆಗಳು ಒಂದಕ್ಕೊಂದು ತಾಗಿ, ಕಡಿದು, ಹೊಸದಾಗಿ ಜೋಡಿಕೊಳ್ಳುವಾಗ ಎಲೆಕ್ಟ್ರಾನ್‌ಗಳು ಭಾರಿ ವೇಗ ಪಡೆದು ಚಿಮ್ಮುತ್ತವೆ. ಚಿಮ್ಮಿದ ಹಿಂಡಿನಲ್ಲಿ ಜೋರಿನವು ಮುಂದೆ, ನಿಧಾನದವು ಹಿಂದೆ. ಒಂದಿಷ್ಟು ದೂರ ಹೋದ ಮೇಲೆ ಯಾವುದೇ ಜಾಗಕ್ಕೆ ಮೊದಲು ತಲುಪುವವರು ಜೋರಿನವರೇ. ಆ ಕ್ಷಣ, ಆ ಜಾಗದಲ್ಲಿ ಲೆಕ್ಕ ತಿರುಗಿಬೀಳುತ್ತದೆ. ತಳ್ಳುವವರು ಹೆಚ್ಚು, ಜೋತುಬೀಳುವವರು ಕಡಿಮೆ. ಅಲೆ ಉಬ್ಬತೊಡಗುತ್ತದೆ.

ಆಘಾತ ಅಲೆಯಲ್ಲೂ ಕೊನೆಗೆ ನಡೆಯುವುದು ಇದೇ. ಸೂರ್ಯ ಪ್ಲಾಸ್ಮಾದ ದೊಡ್ಡ ಮೋಡವನ್ನು ಹೊರಗೆ ಎಸೆದಾಗ, ಇದಕ್ಕೆ ಸಿಎಂಇ ಅನ್ನುತ್ತಾರೆ, ಅದರ ಮುಂದೆ ಆಘಾತ ಅಲೆ ಏಳಬಹುದು. ಆ ಆಘಾತ ತನ್ನ ಎದುರಿನ ಎಲೆಕ್ಟ್ರಾನ್‌ಗಳಿಗೆ ವೇಗ ಕೊಟ್ಟು ಮುಂದಕ್ಕೆ ಎಸೆಯುತ್ತದೆ. ಮುಂದಿನ ಕೆಲಸ ಅವುಗಳದು.

ವೀಣೆಗೆ ಕೊಡ ಬೇಕು

ಅಲೆ ಎದ್ದಿತು. ಆದರೆ ಅಲ್ಲೇ ತೊಡಕು.

ಪ್ಲಾಸ್ಮಾ ಅಲೆ ಅಂದರೆ ಎಲೆಕ್ಟ್ರಾನ್‌ಗಳ ಹಿಂದೆಮುಂದೆ ತೂಗಾಟ. ಎಲೆಕ್ಟ್ರಾನ್ ಇಲ್ಲದ ಕಡೆ ಅದೂ ಇಲ್ಲ. ಕೆರೆಯ ಅಲೆ ಏರಿ ದಾಟಿ ಹೊಲಕ್ಕೆ ಬರುವುದಿಲ್ಲವಲ್ಲ, ಹಾಗೆ. ಅದರ ಶಕ್ತಿ ಹರಿಯುವುದೂ ಬಹಳ ನಿಧಾನ. ಹುಟ್ಟಿದ ಜಾಗದಲ್ಲೇ ಇದ್ದು ಅಲ್ಲೇ ಮುಗಿಯುವ ಅಲೆ ಅದು. ರೇಡಿಯೊ ಅಲೆ ಬೇರೆ ಜಾತಿಯದು. ಅದಕ್ಕೆ ಮಾಧ್ಯಮ ಬೇಡ, ಬೆಳಕಿನಂತೆ ಖಾಲಿ ಜಾಗದಲ್ಲೂ ಓಡುತ್ತದೆ. ಮೊದಲನೆಯದು ಎರಡನೆಯದಾಗಿ ಬದಲಾಗದ ಹೊರತು ನಮ್ಮ ಆಂಟೆನಾಗೆ ಏನೂ ತಲುಪುವುದಿಲ್ಲ.

ವೀಣೆಯ ತಂತಿ ಒಂದನ್ನೇ ಬಿಗಿದು ಮೀಟಿ ನೋಡಿ. ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸದು. ತಂತಿಯ ಅಲುಗಾಟವನ್ನು ಗಾಳಿಗೆ ದಾಟಿಸಲು ಕೊಡ ಬೇಕು. ಸೂರ್ಯನಲ್ಲಿ ಆ ಕೊಡದ ಕೆಲಸ ಮಾಡುವುದು ಯಾವುದು ಎಂಬುದಕ್ಕೆ ಮೊದಲ ಗಟ್ಟಿ ಉತ್ತರ ಕೊಟ್ಟವರು ಸೋವಿಯತ್ ವಿಜ್ಞಾನಿಗಳಾದ ವಿಟಾಲಿ ಗಿಂಜ್‌ಬರ್ಗ್ ಮತ್ತು ವ್ಲಾದಿಮಿರ್ ಜೆಲೆಜ್ನ್ಯಾಕೊವ್, 1958ರಲ್ಲಿ. ಆಮೇಲೆ ಅದನ್ನು ಹಲವರು ತಿದ್ದಿ ಬೆಳೆಸಿದ್ದಾರೆ. ಬೆನ್ನೆಲುಬು ಮಾತ್ರ ಅದೇ ಉಳಿದಿದೆ.

ದಾರಿ ಎರಡಿವೆ.

ಮೊದಲನೆಯದರಲ್ಲಿ ಅಯಾನುಗಳ ಪಾತ್ರ ದೊಡ್ಡದು. ಅಯಾನುಗಳು ಅಲುಗುವುದಿಲ್ಲ ಎಂದು ಮೇಲೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ಅವು ಎಲೆಕ್ಟ್ರಾನಿನಷ್ಟು ಬೇಗ ಅಲುಗುವುದಿಲ್ಲ ಅಷ್ಟೇ. ಪ್ಲಾಸ್ಮಾದಲ್ಲಿ ನಿಧಾನವಾದ, ಸದ್ದಿನ ಅಲೆಯಂಥ ಏರಿಳಿತಗಳೂ ಇರುತ್ತವೆ. ಇವುಗಳ ಆವರ್ತನ ಪ್ಲಾಸ್ಮಾ ಅಲೆಯದಕ್ಕಿಂತ ತುಂಬಾ ಕಡಿಮೆ. ಪ್ಲಾಸ್ಮಾ ಅಲೆ ಇಂಥ ಏರಿಳಿತದ ಜೊತೆ ಸೇರಿದಾಗ, ಅಥವಾ ತಾನೇ ಒಡೆದು ಇಂಥದ್ದೊಂದನ್ನು ಹುಟ್ಟಿಸಿದಾಗ, ಒಂದು ರೇಡಿಯೊ ಅಲೆ ಹೊರಡಬಹುದು. ಏರಿಳಿತದ ಪಾಲು ತೀರಾ ಚಿಕ್ಕದಾದ್ದರಿಂದ ಹೊಸ ಅಲೆಯ ಆವರ್ತನ ಹೆಚ್ಚುಕಡಿಮೆ ಪ್ಲಾಸ್ಮಾ ಆವರ್ತನವೇ ಆಗಿರುತ್ತದೆ. ಇದು ಮೂಲ ಸ್ವರ.

ಎರಡನೆಯ ದಾರಿ ಇನ್ನೂ ಸೊಗಸು. ಎರಡು ಪ್ಲಾಸ್ಮಾ ಅಲೆಗಳು ಕೂಡಿ ಒಂದು ರೇಡಿಯೊ ಅಲೆ ಆಗುತ್ತದೆ. ಎರಡರ ಆವರ್ತನ ಸೇರಿ ಇಮ್ಮಡಿ. ಆದರೆ ಯಾವ ಎರಡು ಅಲೆಗಳಾದರೂ ಸೇರಲಾರವು. ಅಲೆಗೆ ಶಕ್ತಿಯಷ್ಟೇ ಅಲ್ಲ, ಸಂವೇಗವೂ ಇರುತ್ತದೆ, ಅಂದರೆ ಅದು ಸಾಗುವ ದಿಕ್ಕಿನ ತಳ್ಳು. ಬೆಳಕಿನ ಮೂರನೇ ಒಂದರಷ್ಟು ವೇಗದ ಹಿಂಡು ಎಬ್ಬಿಸಿದ ಎರಡು ಅಲೆಗಳು ಒಂದೇ ದಿಕ್ಕಿಗೆ ಹೋಗುತ್ತಿದ್ದರೆ, ಅವುಗಳ ಒಟ್ಟು ಸಂವೇಗ ಆ ರೇಡಿಯೊ ಅಲೆ ಹೊರಬಲ್ಲದ್ದರ ಮೂರು ಪಟ್ಟಿಗೂ ಜಾಸ್ತಿ ಆಗುತ್ತದೆ. ಲೆಕ್ಕ ಹೊಂದುವುದಿಲ್ಲ. ಹೊಂದಬೇಕಾದರೆ ಅಲೆಗಳು ಹೆಚ್ಚುಕಡಿಮೆ ಎದುರುಬದುರು ಬರಬೇಕು. ಆಗ ಒಂದರ ತಳ್ಳನ್ನು ಇನ್ನೊಂದು ಬಹುಪಾಲು ಅಳಿಸುತ್ತದೆ, ಉಳಿದ ಸ್ವಲ್ಪವನ್ನು ರೇಡಿಯೊ ಅಲೆ ಹೊತ್ತು ಓಡುತ್ತದೆ.

ಹಿಂಡು ಓಡುವುದು ಒಂದೇ ದಿಕ್ಕಿಗೆ. ಅದು ಎಬ್ಬಿಸುವ ಅಲೆಗಳೂ ಅದೇ ದಿಕ್ಕಿಗೆ. ಹಾಗಾದರೆ ಎದುರಿನಿಂದ ಬರುವ ಅಲೆ ಎಲ್ಲಿಂದ? ಮತ್ತೆ ಅಯಾನುಗಳೇ ನೆರವಿಗೆ ಬರುತ್ತವೆ. ಮೊದಲ ಅಲೆ ಅಯಾನುಗಳ ಏರಿಳಿತಕ್ಕೆ ಬಡಿದು, ಅದರ ಒಂದು ಪಾಲು ಹಿಂದಕ್ಕೆ ತಿರುಗುತ್ತದೆ. ಹಿಂತಿರುಗಿದ ಅಲೆಯೂ ಇನ್ನೂ ಮುಂದೆ ಬರುತ್ತಿರುವ ಅಲೆಯೂ ಡಿಕ್ಕಿ ಹೊಡೆದಾಗ ಇಮ್ಮಡಿ ಸ್ವರ ಹುಟ್ಟುತ್ತದೆ.

ಇದು ಕಾಗದದ ಮೇಲಿನ ಕಥೆಯಲ್ಲ. ವೈಲ್ಡ್ ಮತ್ತು ಜೊತೆಗಾರರು 1954ರಲ್ಲೇ ಸಿಡಿತಗಳಲ್ಲಿ ಜೋಡಿ ಗೆರೆಗಳನ್ನು ಕಂಡಿದ್ದರು. ಒಂದು ಗೆರೆ ಒಂದು ಆವರ್ತನದಲ್ಲಿ, ಅದರ ತದ್ರೂಪು ಸುಮಾರು ಇಮ್ಮಡಿ ಆವರ್ತನದಲ್ಲಿ. ಬರೀ ಬಿಸಿಯಿಂದ ಹೊಮ್ಮುವ ರೇಡಿಯೊದಲ್ಲಿ ಇಂಥ ಜೋಡಿ ಸಿಗುವುದಿಲ್ಲ. ಇನ್ನೊಂದು ಸಾಕ್ಷಿಯೂ ಇದೆ. ಮೂರನೇ ಬಗೆಯ ಸಿಡಿತದ ಹೊಳಪನ್ನು ಬರೀ ಶಾಖದಿಂದ ಬಂದದ್ದೆಂದು ಲೆಕ್ಕ ಹಾಕಿದರೆ ಕೆಲವೊಮ್ಮೆ 1 ಲಕ್ಷ ಕೋಟಿ ಡಿಗ್ರಿ ಬರುತ್ತದೆ. ಕರೋನಾದ ಬಿಸಿ 10 ಲಕ್ಷ ಡಿಗ್ರಿ ಮಾತ್ರ. ಎಲೆಕ್ಟ್ರಾನ್‌ಗಳು ಒಂದೊಂದಾಗಿ ಅಲ್ಲ, ಒಟ್ಟಾಗಿ ತಾಳ ಹಿಡಿದು ತೂಗಿದಾಗ ಮಾತ್ರ ಇಷ್ಟು ಹೊಳಪು ಸಾಧ್ಯ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕಂಡ ಗೆರೆ ಮೂಲ ಸ್ವರವೋ ಇಮ್ಮಡಿಯೋ ಎಂದು ತಪ್ಪಾಗಿ ಓದಿದರೆ ಅಳತೆಗೋಲು ಕೈಕೊಡುತ್ತದೆ. 160 ಮೆಗಾಹರ್ಟ್ಸ್‌ನ ಇಮ್ಮಡಿ ಗೆರೆಯನ್ನು ಮೂಲ ಸ್ವರ ಎಂದುಕೊಂಡರೆ ದಟ್ಟಣೆ ನಾಲ್ಕು ಪಟ್ಟು ತಪ್ಪುತ್ತದೆ. ನ್ಯೂಕರ್ಕ್ ಸೂತ್ರದಲ್ಲಿ ಎತ್ತರ ಸುಮಾರು 1.4 ಲಕ್ಷ ಕಿಲೊಮೀಟರ್ ತಪ್ಪುತ್ತದೆ. ಆ ಸೂತ್ರವೂ ಒಂದು ಸರಾಸರಿ ಚಿತ್ರ. ನಿಜವಾದ ಕರೋನಾ ದಿನದಿನಕ್ಕೂ ಬೇರೆ, ಜಾಗಜಾಗಕ್ಕೂ ಬೇರೆ. ಸಿಡಿತ ಆದ ಕೂಡಲೇ ಆತುರದಲ್ಲಿ ಹೇಳುವ ವೇಗಗಳನ್ನು ಇದನ್ನು ನೆನಪಿಟ್ಟೇ ಓದಬೇಕು.

ಕೈಗಡದ ಲೆಕ್ಕ

ಇಷ್ಟಾದರೂ ಒಂದು ಮುಳ್ಳು ಉಳಿದಿತ್ತು. ಅದನ್ನು 1964ರಲ್ಲಿ ಎತ್ತಿ ತೋರಿಸಿದವರು ಪೀಟರ್ ಸ್ಟರಾಕ್. ಅಲೆ ಉಬ್ಬುವುದು ಹಿಂಡಿನ ಶಕ್ತಿ ತಿಂದು. ಉಬ್ಬುವ ವೇಗವೂ ಭಯಂಕರ. ಲೆಕ್ಕ ಹಾಕಿದರೆ ಹಿಂಡು ಹೊರಟ ಜಾಗದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲೇ ಶಕ್ತಿಯೆಲ್ಲ ಕಳೆದುಕೊಂಡು ಸುಸ್ತಾಗಬೇಕು. ಆದರೆ ನಿಜದಲ್ಲಿ ಅಂಥ ಎಲೆಕ್ಟ್ರಾನ್‌ಗಳು ಭೂಮಿಯವರೆಗೂ ಬರುತ್ತವೆ, ದಾರಿಯುದ್ದಕ್ಕೂ ರೇಡಿಯೊ ಸದ್ದು ಮಾಡುತ್ತವೆ. 15 ಕೋಟಿ ಕಿಲೊಮೀಟರ್!

ಇದಕ್ಕೆ ಉತ್ತರ ಒಂದೇ ಏಟಿಗೆ ಸಿಗಲಿಲ್ಲ. ಈಗ ಒಪ್ಪಿರುವ ಚಿತ್ರದ ಒಂದು ಭಾಗ ಹೀಗಿದೆ. ಹಿಂಡಿನ ಮುಂಭಾಗದ ಎಲೆಕ್ಟ್ರಾನ್‌ಗಳು ಅಲೆಗೆ ಶಕ್ತಿ ಕೊಟ್ಟು ಮುಂದೆ ಹೋಗುತ್ತವೆ. ಅಲೆ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಅಷ್ಟರಲ್ಲಿ ಹಿಂಭಾಗದ ನಿಧಾನದ ಎಲೆಕ್ಟ್ರಾನ್‌ಗಳು ಅಲ್ಲಿಗೆ ಬಂದು ಆ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಮುಂದಿನವರು ಕೊಟ್ಟ ಕೈಗಡವನ್ನು ಹಿಂದಿನವರು ವಸೂಲಿ ಮಾಡಿದ ಹಾಗೆ. ಒಟ್ಟು ಹಿಂಡಿಗೆ ಆಗುವ ನಷ್ಟ ಕಡಿಮೆ. ಸೋರಿಹೋಗುವ ಚಿಕ್ಕ ಪಾಲು ರೇಡಿಯೊ ಆಗಿ ನಮಗೆ ಬರುತ್ತದೆ.

ಇನ್ನೊಂದು ಭಾಗ ಪ್ಲಾಸ್ಮಾದ ಏರುಪೇರು. ಸೂರ್ಯನಿಂದ ಬೀಸುವ ಗಾಳಿ ಎಲ್ಲೆಡೆ ಒಂದೇ ಸಮ ಇಲ್ಲ. ದಟ್ಟಣೆ ಸ್ವಲ್ಪ ಬದಲಾದರೂ ಅಲೆಗೂ ಹಿಂಡಿಗೂ ತಾಳ ತಪ್ಪುತ್ತದೆ, ಅಲೆ ಉಬ್ಬುವುದು ನಿಲ್ಲುತ್ತದೆ. ಮತ್ತೊಂದು ಜಾಗದಲ್ಲಿ ತಾಳ ಕೂಡುತ್ತದೆ, ಉಬ್ಬುತ್ತದೆ. ಹೀಗಾಗಿ ಅಲೆಗಳು ಹರಿದ ಬಟ್ಟೆಯಂತೆ ತೇಪೆತೇಪೆಯಾಗಿ ಏಳುತ್ತವೆ. ನೌಕೆಗಳು ನೇರವಾಗಿ ಅಳೆದಾಗ ಕಂಡದ್ದೂ ಹಾಗೇ. 1976ರಲ್ಲಿ ಡೊನಾಲ್ಡ್ ಗರ್ನೆಟ್ ಮತ್ತು ರೋಜರ್ ಆಂಡರ್ಸನ್ ಹೀಲಿಯೊಸ್ ನೌಕೆಗಳ ಅಳತೆಯಲ್ಲಿ ಮೂರನೇ ಬಗೆಯ ಸಿಡಿತದ ಜೊತೆಗೇ ಪ್ಲಾಸ್ಮಾ ಅಲೆಗಳು ಇರುವುದನ್ನು ತೋರಿಸಿದರು. ಅಲ್ಲಿಯವರೆಗೆ ನೆಲದಿಂದ ಊಹಿಸಿದ್ದ ಅಲೆ ಅದು ಹುಟ್ಟುವ ಜಾಗದಲ್ಲೇ ಕೈಗೆ ಸಿಕ್ಕಿತು.

ಈಗ ನಾಸಾದ ಪಾರ್ಕರ್ ಸೋಲಾರ್ ಪ್ರೋಬ್ ನೌಕೆ ಇನ್ನೂ ಹತ್ತಿರ ಹೋಗಿದೆ. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೊಮೀಟರಿನಷ್ಟು ಹತ್ತಿರ ಹಾದುಹೋಯಿತು. ಮನುಷ್ಯ ಮಾಡಿದ ಯಾವ ವಸ್ತುವೂ ಅಷ್ಟು ಹತ್ತಿರ ಹೋಗಿಲ್ಲ. ಆದರೂ ಗೌರಿಬಿದನೂರಿನ ಆಂಟೆನಾ ಕೇಳುವ 40–120 ಮೆಗಾಹರ್ಟ್ಸ್ ಮೂಲ ಸ್ವರ ಹುಟ್ಟುವ ಎತ್ತರ ಎಷ್ಟು ಗೊತ್ತೇ? ಸುಮಾರು 1.3 ಲಕ್ಷದಿಂದ 4.3 ಲಕ್ಷ ಕಿಲೊಮೀಟರ್. ಪಾರ್ಕರ್ ಕೂಡ ಅಲ್ಲಿಗೆ ಇಳಿದಿಲ್ಲ.

ಇದರಿಂದ ನಮಗೇನು?

ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರ ಎರಡನೇ ಬಗೆಯ ಸಿಡಿತ ಕಂಡಕೂಡಲೇ ಎಚ್ಚರಿಕೆ ಹೊರಡಿಸುತ್ತದೆ. ಕಾರಣ ಸ್ಪಷ್ಟ. ಎರಡನೇ ಬಗೆ ಕಂಡರೆ ಆಘಾತ ಅಲೆ ಎದ್ದಿದೆ ಎಂದರ್ಥ, ಅದರ ಹಿಂದೆ ಸಿಎಂಇ ಇರುವ ಸಾಧ್ಯತೆ ಹೆಚ್ಚು. ರೇಡಿಯೊ ಸುದ್ದಿ ಬರಲು 8 ನಿಮಿಷ ಚಿಲ್ಲರೆ ಸಾಕು. ಸಿಎಂಇ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಆ ನಡುವಿನ ಸಮಯ ವಿದ್ಯುತ್ ಜಾಲದವರಿಗೆ, ಉಪಗ್ರಹ ನೋಡಿಕೊಳ್ಳುವವರಿಗೆ ಬೇಕು. ಹಾಗಂತ ಪ್ರತಿ ಎರಡನೇ ಬಗೆಯ ಸಿಡಿತವೂ ಬಿರುಗಾಳಿ ತರುವುದಿಲ್ಲ. ಸಿಎಂಇ ನಮ್ಮ ಕಡೆಗೇ ಬರುತ್ತಿದೆಯೇ, ಅದರ ಕಾಂತಕ್ಷೇತ್ರ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಈ ಸದ್ದು ಹೇಳುವುದಿಲ್ಲ. ಅದನ್ನು ಮೊದಲ ಸುಳಿವು ಎಂದು ಎಣಿಸಬೇಕು, ಮುನ್ಸೂಚನೆ ಎಂದಲ್ಲ.

ಸಿಡಿತವೇ ನೇರವಾಗಿ ತೊಂದರೆ ಕೊಟ್ಟದ್ದೂ ಇದೆ. 1967ರ ಮೇ 23ರಂದು ಅಲಾಸ್ಕಾ, ಗ್ರೀನ್‌ಲ್ಯಾಂಡ್ ಮತ್ತು ಬ್ರಿಟನ್ನಿನಲ್ಲಿದ್ದ ಅಮೆರಿಕದ ಕ್ಷಿಪಣಿ ಎಚ್ಚರಿಕೆ ರಡಾರ್‌ಗಳು ಒಟ್ಟಿಗೆ ಕೆಟ್ಟವು. ಸೋವಿಯತ್ ಒಕ್ಕೂಟ ಬೇಕೆಂದೇ ಕೆಡಿಸಿದೆ ಎಂಬ ಅನುಮಾನ ಬಂದು ಸೇನೆ ಸಜ್ಜಾಗತೊಡಗಿತ್ತು. ಸೂರ್ಯನನ್ನು ಗಮನಿಸುತ್ತಿದ್ದ ಸೇನೆಯ ಹವಾಮಾನ ತಂಡ ನಿಜ ಸಂಗತಿ ತಿಳಿಸಿತು. 2006ರ ಡಿಸೆಂಬರ್ 6ರ ಸಿಡಿತ ಜಿಪಿಎಸ್ ರಿಸೀವರ್‌ಗಳನ್ನು ತಡವರಿಸುವಂತೆ ಮಾಡಿತು. 2015ರ ನವೆಂಬರ್ 4ರಂದು ಸ್ವೀಡನ್ನಿನ ವಿಮಾನ ಸಂಚಾರ ರಡಾರ್‌ಗಳು ತಬ್ಬಿಬ್ಬಾಗಿ ವಿಮಾನಗಳನ್ನು ತಡೆಯಬೇಕಾಯಿತು. ಇವೆಲ್ಲ ನೂರಾರು ಮೆಗಾಹರ್ಟ್ಸ್‌ನಿಂದ ಗಿಗಾಹರ್ಟ್ಸ್‌ವರೆಗಿನ ಮೇಲಿನ ಆವರ್ತನದವು. ಅಲ್ಲಿ ಪ್ಲಾಸ್ಮಾ ಅಲೆಯ ದಾರಿಯೊಂದೇ ಅಲ್ಲ, ಕಾಂತಗೆರೆಗಳ ಸುತ್ತ ಸುತ್ತುವ ಎಲೆಕ್ಟ್ರಾನ್‌ಗಳೂ ಜೋರಾಗಿ ರೇಡಿಯೊ ಹೊಮ್ಮಿಸುತ್ತವೆ. ಸೂರ್ಯನ ಎಲ್ಲ ರೇಡಿಯೊ ಸದ್ದನ್ನೂ ಒಂದೇ ಕಾರಣಕ್ಕೆ ಕಟ್ಟಬಾರದು.

ಇನ್ನು ಗೌರಿಬಿದನೂರಿನ ಮಾತು. ಆ ಊರು ಉತ್ತರ ಅಕ್ಷಾಂಶ 13.6 ಡಿಗ್ರಿಯಲ್ಲಿದೆ. ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಹಾದುಹೋಗುತ್ತಾನೆ. ಆಕಾಶಕ್ಕೆ ಮುಖ ಮಾಡಿ ನಿಂತ ಅಲುಗದ ಆಂಟೆನಾಗೆ ಇದಕ್ಕಿಂತ ಅನುಕೂಲ ಬೇಕೇ? ರೇಖಾಂಶದ ಲಾಭವೂ ಇದೆ. ಆಸ್ಟ್ರೇಲಿಯಾದಲ್ಲಿ ಸೂರ್ಯ ಇಳಿಯುತ್ತಿರುವಾಗ, ಯುರೋಪಿನಲ್ಲಿ ಇನ್ನೂ ಏರುತ್ತಿರುವಾಗ ನಮ್ಮಲ್ಲಿ ಅವನು ಎತ್ತರದಲ್ಲಿರುತ್ತಾನೆ. ಆದಿತ್ಯ-ಎಲ್1ರಲ್ಲಿರುವ, ಸೂರ್ಯನ ಬಿಂಬವನ್ನು ಮರೆಮಾಡಿ ಕರೋನಾ ನೋಡುವ ವೆಲ್ಕ್ ಉಪಕರಣವನ್ನು ಕಟ್ಟಿದ್ದೂ ಈ ಆಂಟೆನಾಗಳನ್ನು ನಡೆಸುವ ಅದೇ ಸಂಸ್ಥೆ. ವೆಲ್ಕ್ ನೋಡುವುದು ಸೂರ್ಯನ ಅಂಚಿನ ಹತ್ತಿರದಿಂದ ಮೂರು ಸೌರ ತ್ರಿಜ್ಯದವರೆಗೆ. ಆಂಟೆನಾಗಳು ಕೇಳುವ ಎತ್ತರ ಅದರೊಳಗೇ ಬರುತ್ತದೆ. ಒಂದು ಮೋಡ ಏಳುವುದನ್ನು ವೆಲ್ಕ್ ಬೆಳಕಿನಲ್ಲಿ ತೋರಿಸಬಹುದು. ಅದರ ಮುಂದೆ ಆಘಾತ ಎದ್ದಿತೇ, ಯಾವ ಕ್ಷಣದಲ್ಲಿ, ಎಲೆಕ್ಟ್ರಾನ್‌ಗಳು ಚಿಮ್ಮಿದವೇ ಎಂದು ಹೇಳಲು ರೇಡಿಯೊ ಬೇಕು.

ಮಿತಿಗಳೂ ಇವೆ. ಸುಮಾರು 10–15 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ಅಯಾನುಗೋಳ ನೆಲಕ್ಕೆ ಬಿಡುವುದಿಲ್ಲ. ಸಿಡಿತ ಸೂರ್ಯನಿಂದ ದೂರ ಹೋದ ಮೇಲೆ ಅದನ್ನು ಹಿಂಬಾಲಿಸಲು ನೌಕೆಗಳೇ ಬೇಕು. ದಾರಿಯಲ್ಲಿನ ಏರುಪೇರುಗಳು ರೇಡಿಯೊ ಅಲೆಗಳನ್ನು ಚದುರಿಸುತ್ತವೆ. ಮಂಜಿನಲ್ಲಿ ಬೀದಿದೀಪ ದೊಡ್ಡದಾಗಿ ಕಾಣುವಂತೆ, ಚಿಕ್ಕ ಮೂಲವೂ ಉಬ್ಬಿ, ಜಾಗ ಸರಿದು ಕಾಣುತ್ತದೆ. ಇನ್ನೊಂದು ತೊಂದರೆ ನಾವೇ ಮಾಡಿದ್ದು. ಎಫ್‌ಎಂ ವಾಹಿನಿಗಳು ಬಳಸುವ 88–108 ಮೆಗಾಹರ್ಟ್ಸ್ ಈ ಆಂಟೆನಾಗಳ ಪಟ್ಟಿಯ ನಡುವೆಯೇ ಕೂತಿದೆ. ಊರು ಬೆಳೆದಂತೆ ರೇಡಿಯೊ ಮೌನ ಕಡಿಮೆಯಾಗುತ್ತದೆ. ಆಕಾಶನೌಕೆಗೆ ಕೊಡುವಷ್ಟು ಗಮನವನ್ನು ಈ ಬಯಲಿಗೂ ಅದರ ಸುತ್ತಲಿನ ಮೌನಕ್ಕೂ ಕೊಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಒಮ್ಮೆ ಹೋದ ಮೌನವನ್ನು ದುಡ್ಡು ಕೊಟ್ಟು ತರಲಾಗದು.

ಇದನ್ನೆಲ್ಲ ನೀವೇ ನೋಡಬಹುದು. ಇ-ಕ್ಯಾಲಿಸ್ಟೊ ಎಂಬ ಜಾಗತಿಕ ಜಾಲದಲ್ಲಿ ಗೌರಿಬಿದನೂರೂ ಇದೆ, ಊಟಿಯೂ ಇದೆ. ಅದರ ದಾಖಲೆಗಳು ಎಲ್ಲರಿಗೂ ತೆರೆದಿವೆ. ಸೌರಜ್ವಾಲೆ ಆದ ದಿನದ ಒಂದು ಚಿತ್ರ ತೆಗೆಯಿರಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ಆವರ್ತನ. ಹೆಚ್ಚುಕಡಿಮೆ ನೇರವಾಗಿ ನಿಂತ ತೆಳು ಗೆರೆ ಕಂಡರೆ ಎಲೆಕ್ಟ್ರಾನ್ ಹಿಂಡು. ಓರೆಯಾಗಿ ನಿಧಾನ ಇಳಿಯುವ ದಪ್ಪ ಗೆರೆ ಕಂಡರೆ ಆಘಾತ. ಆಮೇಲೆ ಅದರ ಇಮ್ಮಡಿ ಆವರ್ತನದ ಜಾಗಕ್ಕೆ ಕಣ್ಣು ಹಾಯಿಸಿ. ಅಲ್ಲೊಂದು ಜೋಡಿ ಗೆರೆ ಅದೇ ಓರೆಯಲ್ಲಿ ಇಳಿಯುತ್ತಿದ್ದರೆ, ಅದು ಎದುರುಬದುರು ಬಂದು ಡಿಕ್ಕಿ ಹೊಡೆದ ಪ್ಲಾಸ್ಮಾ ಅಲೆಗಳದು.